ಹಿಂದಿನ ಪೊಲೀಸ್ ಟ್ರೈನಿಂಗ್ ಅಷ್ಟೊಂದು ಕಷ್ಟ ಇತ್ತಾ?

ಹಿಂದೆ ಪೊಲೀಸ್ ಟ್ರೈನಿಂಗ್‌ನಲ್ಲಿ ನಿಜಕ್ಕೂ ಚರ್ಮ ಸುಲಿಯುತ್ತಿದ್ದರಾ, ಪರೀಕ್ಷೆ ಏನೇನಿತ್ತು ಅಂತ ಕೇಳಿದ್ದೀರಿ. ನಾನು ಬಳ್ಳಾರಿಯವನು. ಎಪ್ಪತ್ತರ ದಶಕದ ಕೊನೆಯಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ, ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದೆ.

ಬೈಗುಳ ಧಾರಾಳವಾಗಿತ್ತು. ತಪ್ಪು ಮಾಡಿದರೆ ರೈಫಲ್ ತಲೆ ಮೇಲೆ ಎತ್ತಿ ಹಿಡಿದು ಮೈದಾನ ಸುತ್ತಬೇಕಿತ್ತು. ಎಲ್ಲರೂ ಓಟದ ಬಗ್ಗೆಯೇ ಕೇಳುತ್ತಾರೆ. ಹಳ್ಳಿಯಿಂದ ಬಂದ ನಮಗೆ ಓಟ ಒಂದು ಲೆಕ್ಕವೇ ಅಲ್ಲ. ಅಲ್ಲಾಡದೆ ನಿಲ್ಲುವುದಿದೆಯಲ್ಲ, ಅದು ಜೀವ ತಿನ್ನುತ್ತಿತ್ತು. ಸಾವಧಾನ್ ಅಂದ ಮೇಲೆ ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತುವಂತಿಲ್ಲ. ನೆತ್ತಿ ಸುಡುವ ಬಿಸಿಲು, ಕೈಯಲ್ಲಿ ಸುಮಾರು 4 ಕೆ.ಜಿ. ತೂಕದ ತ್ರೀ ನಾಟ್ ತ್ರೀ ರೈಫಲ್. ನಿಂತಲ್ಲೇ ಧೊಪ್ಪಂತ ಬೀಳುತ್ತಿದ್ದವರು ಒಳ್ಳೇ ಕಟ್ಟುಮಸ್ತಾದ ಹುಡುಗರೇ. ಮಂಡಿ ಬಿಗಿ ಮಾಡಿ ನಿಂತರೆ ಹಾಗಾಗುತ್ತದೆ. ಬೂಟಿನೊಳಗೆ ಬೆರಳು ಆಡಿಸ್ತಾ ಇರಬೇಕು ಅಂತ ಹಳಬರು ಆಮೇಲೆ ಗುಟ್ಟು ಹೇಳಿಕೊಟ್ಟರು.

ಫೈರಿಂಗ್ ದಿನ ರೈಫಲ್ಲಿನ ಹಿಂಬದಿಯನ್ನು ಭುಜಕ್ಕೆ ಸರಿಯಾಗಿ ಒತ್ತಿ ಹಿಡಿಯದಿದ್ದರೆ ಅದು ಒದ್ದ ಪೆಟ್ಟಿಗೆ ಭುಜ ನೀಲಿಗಟ್ಟುತ್ತಿತ್ತು. ಮಾರನೇ ಬೆಳಿಗ್ಗೆ ಸ್ನಾನದ ಹೊತ್ತಿಗೆ ಯಾರು ಹೇಗೆ ಹೊಡೆದರು ಅಂತ ಎಲ್ಲರಿಗೂ ಗೊತ್ತಾಗಿಬಿಡೋದು.

ಕ್ಲಾಸಿನ ಪರೀಕ್ಷೆಯಲ್ಲಿ ಅಪರಾಧ-ಶಿಕ್ಷೆ ಹೇಳುವ ಐಪಿಸಿ, ತನಿಖೆ-ವಿಚಾರಣೆಯ ಕ್ರಮ ಹೇಳುವ ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಇವೆಲ್ಲ ಬಾಯಿಪಾಠ. ನನಗೆ ಹಿಡಿಸಿದ್ದು ಚಹರೆ ಬರೆಯುವ ಪಾಠ. ಯಾರನ್ನೋ ಒಳಗೆ ಕರೆಸಿ, ಎರಡು ಮಾತಾಡಿಸಿ ಕಳಿಸಿಬಿಡುತ್ತಿದ್ದರು. ಆಮೇಲೆ ಅವನ ಚಹರೆ ಬರೀರಿ ಅನ್ನುವರು. ಎತ್ತರ, ಮೈಬಣ್ಣ, ಹಣೆ, ಕಿವಿ, ಗಾಯದ ಕಲೆ ಎಲ್ಲಾ ಬೇಕು. ಅರ್ಧ ಜನ ಅಂಗಿ ಬಣ್ಣ ಬರೆದು ಕೂತಿರುತ್ತಿದ್ದೆವು. “ಅಂಗಿ ಬದಲಿಸ್ತಾನಲೇ, ಕಿವಿ ಬದಲಿಸ್ತಾನೇನು?” ಅನ್ನೋರು ಮೇಷ್ಟ್ರು. ಇವತ್ತಿಗೂ ಬಸ್ಸಿನಲ್ಲಿ ಎದುರು ಕೂತವರ ಕಿವಿ ನೋಡುವ ಚಟ ಹೋಗಿಲ್ಲ.

ನಮಗಿಂತ ಹಿಂದಿನವರ ಕಥೆಯೇ ಬೇರೆ. ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು. ಇಲ್ಲಿನವರಿಗೆ 1859ರ ಮದ್ರಾಸ್ ಪೊಲೀಸ್ ಕಾಯ್ದೆ. ತುಂಗಭದ್ರಾ ದಾಟಿದರೆ ಕೊಪ್ಪಳ, ರಾಯಚೂರು, ನಿಜಾಮರ ಸೀಮೆ. ಅಲ್ಲಿ ದಫ್ತರವೆಲ್ಲ ಉರ್ದು, ಸಬ್ ಇನ್‌ಸ್ಪೆಕ್ಟರ್ ಅಂದರೆ ಅಮೀನ್ ಸಾಹೇಬರು. 1956ರಲ್ಲಿ ಎಲ್ಲರೂ ಒಂದೇ ರಾಜ್ಯಕ್ಕೆ ಸೇರಿದರೂ, ಎಲ್ಲರಿಗೂ ಒಂದೇ ಅನ್ನುವಂಥ ಪೊಲೀಸ್ ಕಾಯ್ದೆ ಬಂದಿದ್ದು 1963ರದ್ದು. ನಾನು ಸೇರಿದಾಗ ಆ ಕಾಲದವರು ಕೆಲವರು ಇನ್ನೂ ಸರ್ವಿಸ್‌ನಲ್ಲಿದ್ದರು. ಒಂದೇ ಠಾಣೆಯಲ್ಲಿ ಒಬ್ಬರ ಬಾಯಲ್ಲಿ ಮದ್ರಾಸಿನ ಇಂಗ್ಲಿಷ್, ಇನ್ನೊಬ್ಬರ ಬಾಯಲ್ಲಿ ಉರ್ದು. ಹೊಸಬರು ಎರಡನ್ನೂ ಕಲಿಯಬೇಕಾಗಿತ್ತು, ಇಲ್ಲಾಂದ್ರೆ ಹಳೇ ಕಡತ ಓದಿದರೂ ಅರ್ಥ ಆಗುತ್ತಿರಲಿಲ್ಲ.

ಈಗ ಸೇರುವ ಹುಡುಗರಿಗೆ ಓಟ, ಉದ್ದಜಿಗಿತ, ಗುಂಡು ಎಸೆತ ಎಲ್ಲಕ್ಕೂ ಇಂತಿಷ್ಟು ಅಂತ ಅಳತೆ ಇದೆ. ಅದೇ ಒಳ್ಳೇದು, ವಶೀಲಿಗೆ ಜಾಗ ಕಮ್ಮಿ. ಆದರೆ ಸೆಕ್ಷನ್‌ಗಳ ವಿಷಯದಲ್ಲಿ ಅಯ್ಯೋ ಅನ್ನಿಸುತ್ತೆ. 2024ರ ಜುಲೈನಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದು, ಕೊಲೆಯ 302 ಹೋಗಿ 103 ಆಯಿತು, ವಂಚನೆಯ 420 ಹೋಗಿ 318 ಆಯಿತು. ಹೊಸಬರಿಗೇನೂ ತೊಂದರೆಯಿಲ್ಲ, ಮೊದಲ ಸಲವೇ ಹೊಸದನ್ನು ಕಲಿಯುತ್ತಾರೆ. ಪಾಪ, ಪಾಡು ಪಡುತ್ತಿರುವವರು ಸರ್ವಿಸ್ ಅರ್ಧ ಮುಗಿಸಿದವರು.