ಓದುಗರ ಪ್ರಶ್ನೆ: ಮಿದುಳಿನ ರಾಸಾಯನಿಕಗಳು, ಮಾತ್ರೆ ಮತ್ತು ಮನಸ್ಸು

ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್, ಡೋಪಮೈನ್ ಎಂಬ ರಾಸಾಯನಿಕಗಳು ಮತ್ತು ಖಿನ್ನತೆಯ ಮಾತ್ರೆಗಳ ಕುರಿತು ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಇಲ್ಲಿನ ವಿವರಗಳು ವಯಸ್ಕರಿಗೆ ಸಂಬಂಧಿಸಿದವು. ಗರ್ಭಿಣಿಯರು, ಹಾಲೂಡಿಸುವವರು, ಬೇರೆ ಕಾಯಿಲೆಗಳಿಗೆ ಔಷಧಿ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರ ಮಾತನ್ನೇ ಪಾಲಿಸಬೇಕು.

ಪ್ರಶ್ನೆ: ಕೆಲವು ತಿಂಗಳಿಂದ ಯಾವುದರಲ್ಲೂ ಆಸಕ್ತಿ ಇಲ್ಲ, ಸದಾ ಸುಸ್ತು. ಮೂತ್ರ ಪರೀಕ್ಷೆ ಮಾಡಿ ಮಿದುಳಿನ ಸೆರೊಟೋನಿನ್, ಡೋಪಮೈನ್ ಎಷ್ಟಿದೆ ಎಂದು ಹೇಳುವ ಲ್ಯಾಬ್‌ಗಳಿವೆಯಂತೆ. ಮಾಡಿಸಲೇ?

ಬೇಡ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ತಯಾರಾಗುವುದು ಕರುಳಿನಲ್ಲಿ. ಅದು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳಲ್ಲಿ ತುಂಬಿಕೊಂಡು ಓಡಾಡುತ್ತದೆಯೇ ಹೊರತು, ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆಯನ್ನು ದಾಟುವುದಿಲ್ಲ. ಮಿದುಳು ತನಗೆ ಬೇಕಾದ್ದನ್ನು ಮಿದುಳುಕಾಂಡದ ರಾಫೆ ಎಂಬ ನರಕೋಶಗಳ ಗುಂಪಿನಲ್ಲಿ ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ಮೂತ್ರದಲ್ಲಿ ಸಿಗುವ ಅಂಕಿ ಕರುಳಿನ ಬಗ್ಗೆ, ಮೂತ್ರಪಿಂಡದ ಬಗ್ಗೆ, ಹಿಂದಿನ ಊಟದ ಬಗ್ಗೆ ಏನಾದರೂ ಹೇಳೀತು. ನಿಮ್ಮ ಮನಸ್ಸಿನ ಬಗ್ಗೆ ಹೇಳದು.

‘ರಾಸಾಯನಿಕ ಕಡಿಮೆಯಾಯಿತು, ಅದಕ್ಕೇ ಖಿನ್ನತೆ’ ಎಂಬ ವಿವರಣೆ 1950–60ರ ದಶಕಗಳಲ್ಲಿ ಹುಟ್ಟಿದ್ದು. ಕ್ಷಯಕ್ಕೆಂದು ಕೊಟ್ಟ ಐಪ್ರೊನಿಯಾಜಿಡ್ ಔಷಧಿಯಿಂದ ಕೆಲವು ರೋಗಿಗಳು ಉಲ್ಲಸಿತರಾದದ್ದು ಅದಕ್ಕೆ ಒಂದು ಕಾರಣ. ಆದರೆ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜಾಲಾಡಿದ 2022ರ ಒಂದು ಪರಾಮರ್ಶೆಗೆ, ಖಿನ್ನತೆ ಇರುವವರಲ್ಲಿ ಸೆರೊಟೋನಿನ್ ಕಡಿಮೆ ಇರುತ್ತದೆ ಎನ್ನಲು ಸ್ಥಿರವಾದ ಪುರಾವೆ ಸಿಗಲಿಲ್ಲ. ಇದರರ್ಥ ಕಾಯಿಲೆ ಸುಳ್ಳು ಎಂದಲ್ಲ, ಮಾತ್ರೆ ವ್ಯರ್ಥ ಎಂದೂ ಅಲ್ಲ. ಸೆರೊಟೋನಿನ್‌ಗೆ ಕನಿಷ್ಠ 14 ಬಗೆಯ ಗ್ರಾಹಕಗಳಿವೆ, ಅಂದರೆ ಅದು ಅಂಟಿಕೊಂಡು ಕೆಲಸ ನಡೆಸುವ ಕೋಶದ ಪ್ರೋಟೀನ್‌ಗಳು. ಒಂದು ಕಡೆ ಆತಂಕ ತಗ್ಗಿಸುವ ಅದೇ ವಸ್ತು ಇನ್ನೊಂದು ಕಡೆ ವಾಂತಿ ತರಿಸುತ್ತದೆ. ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ, ಯಾವಾಗ, ಯಾವ ಗ್ರಾಹಕದ ಮೇಲೆ ಎನ್ನುವುದು ಮುಖ್ಯ.

ಅದೇ ದುಡ್ಡಿನಲ್ಲಿ ಉಪಯೋಗಕ್ಕೆ ಬರುವ ಪರೀಕ್ಷೆ ಮಾಡಿಸಿ: ಥೈರಾಯ್ಡ್‌ಗೆ ಟಿಎಸ್‌ಎಚ್, ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಬಿ12, ರಕ್ತದ ಸಕ್ಕರೆ. ಇವುಗಳಲ್ಲಿನ ಏರುಪೇರು ಖಿನ್ನತೆಯಂತೆಯೇ ಕಾಣಿಸಬಲ್ಲದು. ಜೊತೆಗೆ ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿ. ಕಳೆದ ಎರಡು ವಾರಗಳನ್ನು ನೆನೆದು 9 ಪ್ರಶ್ನೆಗಳಿಗೆ 0ರಿಂದ 3ರ ತನಕ ಅಂಕ ಕೊಡಬೇಕು, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರನ್ನು ಕಾಣಿ. ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ 0 ಬಿಟ್ಟು ಬೇರೇನೇ ಬಂದರೂ ಮೊತ್ತ ಕೂಡಿಸುತ್ತಾ ಕೂರದೆ ಅವತ್ತೇ ಹತ್ತಿರದವರಿಗೆ ಹೇಳಿ, ಅವರ ಜೊತೆ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ನನ್ನ ತಮ್ಮನಿಗೆ ಖಿನ್ನತೆಯ ಮಾತ್ರೆ ಎಸ್ಸಿಟಾಲೊಪ್ರಾಮ್ 10 ಮಿ.ಗ್ರಾಂ. ಶುರು ಮಾಡಿ ಹತ್ತು ದಿನವಾಯಿತು. ಗುಣ ಕಾಣಲಿಲ್ಲ, ಹೊಟ್ಟೆ ತೊಳೆಸುತ್ತದೆ ಅನ್ನುತ್ತಾನೆ. ನಿಲ್ಲಿಸಿಬಿಡೋದೇ ವಾಸಿಯಲ್ಲವೇ?

ಹತ್ತು ದಿನದಲ್ಲಿ ತೀರ್ಮಾನ ಬೇಡ. ಈ ದಿನಗಳು ಎಲ್ಲಕ್ಕಿಂತ ಕಷ್ಟದವು, ಏಕೆಂದರೆ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ.

ಒಂದು ನರಕೋಶ ತನಗೂ ಪಕ್ಕದ ನರಕೋಶಕ್ಕೂ ನಡುವಿನ ಸಂದಿಯೊಳಕ್ಕೆ ಬಿಟ್ಟ ಸೆರೊಟೋನಿನ್ನನ್ನು ವಾಪಸು ಹೀರಿಕೊಳ್ಳುವ ಪ್ರೋಟೀನ್ ಒಂದಿದೆ. ಮಾತ್ರೆ ಅದನ್ನು ಮೊದಲ ದಿನವೇ, ಕೆಲವು ಗಂಟೆಗಳಲ್ಲೇ ತಡೆಯುತ್ತದೆ. ಸಂದಿಯಲ್ಲಿ ಸೆರೊಟೋನಿನ್ ಏರುತ್ತದೆ. ಆದರೆ ರಾಫೆ ನರಕೋಶಗಳ ಮೇಲೆ ಕಾವಲಿನಂಥ ಗ್ರಾಹಕಗಳಿವೆ. ಸೆರೊಟೋನಿನ್ ಜಾಸ್ತಿಯಾಯಿತೆಂದು ಗ್ರಹಿಸಿ ಅವು ಆ ಕೋಶಗಳ ಕೆಲಸವನ್ನೇ ನಿಧಾನ ಮಾಡಿಬಿಡುತ್ತವೆ. ಈ ಕಾವಲು ಸಡಿಲವಾಗಲು ವಾರಗಳು ಬೇಕು. ನರಕೋಶಗಳ ನಡುವಿನ ಸಂಪರ್ಕಗಳು ಹೊಸದಾಗಿ ಹೊಂದಿಕೊಳ್ಳಲೂ ಸಮಯ ಹಿಡಿಯುತ್ತದೆ. ಕರುಳಿನಲ್ಲಿ ಅಂಥ ಕಾಯುವಿಕೆ ಇಲ್ಲ; ಅಲ್ಲಿ ಪರಿಣಾಮ ತಕ್ಷಣ. ಹೊಟ್ಟೆ ತೊಳೆಸುವುದು, ಭೇದಿ, ತಲೆನೋವು ಅದಕ್ಕೇ. ಬಹಳಷ್ಟು ಜನರಲ್ಲಿ ಇವು ಒಂದೆರಡು ವಾರದಲ್ಲಿ ತಗ್ಗುತ್ತವೆ.

ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಳ್ಳಲಿ. ನಿದ್ದೆ ಕೆಡುತ್ತಿದ್ದರೆ ಬೆಳಿಗ್ಗೆ, ಮಂಪರು ಬರುತ್ತಿದ್ದರೆ ರಾತ್ರಿ. ಆದರೆ ದಿನವೂ ಒಂದೇ ಹೊತ್ತಿಗೆ. ತೊಳೆಸುವುದು ತಡೆಯಲಾರದಷ್ಟಿದ್ದರೆ ವೈದ್ಯರು ಕೆಲವು ದಿನ 5 ಮಿ.ಗ್ರಾಂ.ಗೆ ಇಳಿಸಿ ಮತ್ತೆ ಏರಿಸಬಹುದು. ಹೆಚ್ಚಾಗಿ ಮೊದಲು ಸುಧಾರಿಸುವುದು ನಿದ್ದೆ, ಹಸಿವು, ಮೈಯ ಕಸುವು. ಮನಸ್ಸಿನ ಭಾರ ಇಳಿಯುವುದು ಕೊನೆಗೆ. ಹಾಗಾಗಿ ರೋಗಿಗಿಂತ ಮುಂಚೆ ಮನೆಯವರ ಕಣ್ಣಿಗೇ ಬದಲಾವಣೆ ಬೀಳುವುದುಂಟು. ನಾಲ್ಕು ವಾರ ಸರಿಯಾದ ಡೋಸ್ ತೆಗೆದುಕೊಂಡೂ ಒಂಚೂರೂ ವ್ಯತ್ಯಾಸವಿಲ್ಲ ಎಂದರೆ ಡೋಸ್ ಅಥವಾ ಔಷಧಿ ಬದಲಿಸುವ ಮಾತಾಡಬೇಕು. ಸ್ವಲ್ಪವಾದರೂ ಗುಣ ಕಂಡಿದ್ದರೆ ಆರರಿಂದ ಎಂಟು ವಾರ ನೋಡಬಹುದು.

ಕಾಯಬಾರದ ಸಂದರ್ಭಗಳೂ ಇವೆ. ನಿಮ್ಮ ತಮ್ಮನಿಗೆ 25 ವರ್ಷದೊಳಗಾಗಿದ್ದರೆ ಮೊದಲ ವಾರಗಳಲ್ಲಿ ಮತ್ತು ಡೋಸ್ ಬದಲಾದಾಗ ಕಣ್ಣಿಟ್ಟಿರಿ. ಕೂತಲ್ಲಿ ಕೂರಲಾಗದ ಚಡಪಡಿಕೆ, ಹೊಸದಾಗಿ ಸಾವಿನ ಮಾತು ಶುರುವಾದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಇದ್ದಕ್ಕಿದ್ದಂತೆ ನಿದ್ದೆಯೇ ಬೇಡವಾಗಿ ವಿಪರೀತ ಉತ್ಸಾಹ ಬಂದರೂ ಹಾಗೆಯೇ. ವಯಸ್ಸಾದವರಲ್ಲಿ, ಮುಖ್ಯವಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ, ರಕ್ತದ ಸೋಡಿಯಂ ಇಳಿದು ಗೊಂದಲ, ತೂರಾಟ ಬರಬಹುದು. ಪ್ಲೇಟ್‌ಲೆಟ್‌ಗಳಿಗೂ ಸೆರೊಟೋನಿನ್ ಬೇಕಾದ್ದರಿಂದ ಈ ಮಾತ್ರೆಯ ಜೊತೆ ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಲೈಂಗಿಕ ಆಸಕ್ತಿ ತಗ್ಗುವುದು, ಸ್ಖಲನ ತಡವಾಗುವುದು ಸಾಮಾನ್ಯ. ಅದು ತಾನಾಗಿ ಹೋಗದಿರಬಹುದು. ಸಂಕೋಚದಿಂದ ಗುಟ್ಟಾಗಿ ಮಾತ್ರೆ ಬಿಡುವವರು ಬಹಳ. ದಯವಿಟ್ಟು ಬಾಯಿಬಿಟ್ಟು ಹೇಳಿ, ಬೇರೆ ಔಷಧಿಗಳಿವೆ.

ಪ್ರಶ್ನೆ: ಹುಷಾರಾದೆನೆಂದು ಮಾತ್ರೆ ನಿಲ್ಲಿಸಿದೆ. ಮೂರನೇ ದಿನದಿಂದ ತಲೆಸುತ್ತು, ಕಣ್ಣು ಹೊರಳಿಸಿದರೆ ತಲೆಯೊಳಗೆ ಶಾಕ್ ಹೊಡೆದಂತೆ. ಚಟ ಅಂಟಿಕೊಂಡಿತೇ?

ಚಟ ಅಲ್ಲ. ಆ ಮಟ್ಟಕ್ಕೆ ಒಗ್ಗಿಕೊಂಡಿದ್ದ ಮಿದುಳಿನಿಂದ ಔಷಧಿಯನ್ನು ತಟ್ಟನೆ ಕಿತ್ತುಕೊಂಡದ್ದರ ಫಲ. ದೇಹದಿಂದ ಬೇಗ ಹೊರಹೋಗುವ ಪ್ಯಾರಾಕ್ಸೆಟಿನ್, ವೆನ್ಲಫ್ಯಾಕ್ಸಿನ್‌ಗಳಲ್ಲಿ ಇದು ಜಾಸ್ತಿ. ವಾರಗಟ್ಟಲೆ ಉಳಿಯುವ ಫ್ಲುಯಾಕ್ಸೆಟಿನ್‌ನಲ್ಲಿ ಕಡಿಮೆ. ಕಾಯಿಲೆ ಮರುಕಳಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೀಗೆ: ಶಾಕ್, ತಲೆಸುತ್ತು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬರುತ್ತವೆ, ಮಾತ್ರೆ ಮತ್ತೆ ಶುರುವಾದರೆ ಬೇಗ ಇಳಿಯುತ್ತವೆ. ಮರುಕಳಿಸುವ ಖಿನ್ನತೆ ಸಾಮಾನ್ಯವಾಗಿ ವಾರಗಳ ಮೇಲೆ, ಮೆಲ್ಲಗೆ ಆವರಿಸುತ್ತದೆ.

ವೈದ್ಯರಿಗೆ ಫೋನ್ ಮಾಡಿ ಹಿಂದಿನ ಡೋಸ್‌ಗೆ ಮರಳಿ, ಅಲ್ಲಿಂದ ಇಳಿಸುತ್ತಾ ಬನ್ನಿ. ಇಳಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಡೋಸ್ ಅರ್ಧವಾದರೆ ಪರಿಣಾಮವೂ ಅರ್ಧವಾಗುವುದಿಲ್ಲ. 20 ಮಿ.ಗ್ರಾಂ.ನಿಂದ 10ಕ್ಕೆ ಇಳಿದಾಗ ಮಿದುಳಿಗೆ ತಟ್ಟುವ ವ್ಯತ್ಯಾಸ ಸಣ್ಣದು. 5ರಿಂದ ಸೊನ್ನೆಗೆ ಇಳಿದಾಗ ಬಲು ದೊಡ್ಡದು. ಆದ್ದರಿಂದ ಕೊನೆಯ ಮೆಟ್ಟಿಲುಗಳೇ ಅತಿ ನಿಧಾನವಾಗಿರಬೇಕು, ಬೇಕಿದ್ದರೆ ದ್ರವರೂಪದ ಔಷಧಿಯಲ್ಲಿ. ದಿನ ಬಿಟ್ಟು ದಿನ ತೆಗೆದುಕೊಳ್ಳುವ ಉಪಾಯ ಬೇಡ. ರಕ್ತದಲ್ಲಿ ಏರಿಳಿತವಾಗಿ ತೊಂದರೆ ಹೆಚ್ಚುತ್ತದೆ. ಅಲ್ಲದೆ, ಮೊದಲ ಸಲದ ಖಿನ್ನತೆಯಲ್ಲೂ ಪೂರ್ತಿ ಗುಣವಾದ ಮೇಲೆ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಸಬೇಕು. ಹುಷಾರಾದ ದಿನ ಕೋರ್ಸ್ ಮುಗಿಯುವ ದಿನವಲ್ಲ.

ಪ್ರಶ್ನೆ: ಮಾತ್ರೆಯ ಜೊತೆ 5-ಎಚ್‌ಟಿಪಿ ಸಪ್ಲಿಮೆಂಟ್ ಸೇರಿಸಿದರೆ ಬೇಗ ಗುಣವಾಗುವುದೇ?

ಸೇರಿಸಬೇಡಿ. 5-ಎಚ್‌ಟಿಪಿ ನೇರವಾಗಿ ಸೆರೊಟೋನಿನ್ ಆಗುವ ವಸ್ತು, ಮಾತ್ರೆ ಅದನ್ನು ಸಂದಿಯಲ್ಲೇ ಉಳಿಸುತ್ತದೆ. ಎರಡೂ ಕೂಡಿದರೆ ಸೆರೊಟೋನಿನ್ ಸಿಂಡ್ರೋಮ್ ಎಂಬ ತುರ್ತು ಸ್ಥಿತಿ ಬರಬಹುದು. ಬೆವರು, ನಡುಕ, ಭೇದಿ, ಜ್ವರ, ಕಳವಳ, ಪಾದ ತಾನಾಗಿ ಅದುರುವುದು ಅದರ ಲಕ್ಷಣಗಳು. ಬಹುತೇಕ 24 ಗಂಟೆಯೊಳಗೆ ಕಾಣಿಸುತ್ತವೆ. ಕಂಡರೆ ನೇರ ಆಸ್ಪತ್ರೆಗೆ. ನೋವಿನ ಟ್ರಮಡಾಲ್, ಕೆಮ್ಮಿನ ಸಿರಪ್‌ನ ಡೆಕ್ಸ್ಟ್ರೊಮೆಥಾರ್ಫನ್, ಲಿನೆಜೊಲಿಡ್ ಎಂಬ ಆ್ಯಂಟಿಬಯಾಟಿಕ್, ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಇವೂ ಅದೇ ಸಾಲಿನವು. ಯಾವ ವೈದ್ಯರ ಬಳಿ ಹೋದರೂ ಈ ಮಾತ್ರೆ ಸೇವಿಸುತ್ತಿರುವುದನ್ನು ಹೇಳಿ.

ಪ್ರಶ್ನೆ: ಓದಲು ಕೂತರೆ ಕೈ ಫೋನಿಗೇ ಹೋಗುತ್ತದೆ. ಫೋನಿನಂಥ ಖುಷಿಗಳನ್ನೆಲ್ಲ ಕೆಲಕಾಲ ಬಿಟ್ಟಿರುವ ‘ಡೋಪಮೈನ್ ಡಿಟಾಕ್ಸ್’ ಮಾಡಿದರೆ ಸರಿಹೋಗುತ್ತದೆಯೇ?

ಡೋಪಮೈನ್ ವಿಷವಲ್ಲ, ಉಪವಾಸದಿಂದ ಅದನ್ನು ತೊಳೆಯಲಾಗದು. ಅದನ್ನು ತಯಾರಿಸುವ ಕೋಶಗಳು ಸಾಯುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈಕಾಲು ಆಡಿಸುವುದೇ ಕಷ್ಟವಾಗುತ್ತದೆ. ಡೋಪಮೈನ್ ಎಂದರೆ ಸುಖ ಎಂಬ ನಂಬಿಕೆಯೂ ಸರಿಯಲ್ಲ. 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ನಿರೀಕ್ಷೆ ಇಲ್ಲದೆ ಹಣ್ಣಿನ ರಸ ಸಿಕ್ಕಾಗ ಡೋಪಮೈನ್ ಕೋಶಗಳು ಚುರುಕಾದವು. ರಸದ ಮುನ್ಸೂಚನೆಯಾಗಿ ದೀಪವೊಂದು ಹೊತ್ತುವುದು ರೂಢಿಯಾದ ಮೇಲೆ ರಸಕ್ಕಲ್ಲ, ದೀಪಕ್ಕೇ ಚುರುಕಾದವು. ಬರುತ್ತದೆಂದುಕೊಂಡ ರಸ ಬಾರದಿದ್ದಾಗ ತಣ್ಣಗಾದವು. ನಿಮ್ಮ ಫೋನಿನ ‘ಟಿಂಗ್’ ಸದ್ದು ಆ ದೀಪ. ಏನು ಬಂದಿರಬಹುದು ಎಂಬ ಅನಿಶ್ಚಿತತೆಯೇ ಕೈಯನ್ನು ಎಳೆಯುವುದು.

ಆದ್ದರಿಂದ ಸೂಚನೆಯನ್ನು ತೆಗೆಯಿರಿ. ಕರೆ ಬಿಟ್ಟು ಎಲ್ಲ ನೋಟಿಫಿಕೇಶನ್ ಬಂದ್ ಮಾಡಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಮೇಜಿನ ಮೇಲೆ ಮಗುಚಿಟ್ಟರೆ ಸಾಲದು, ಕಾಣುವುದೂ ಒಂದು ಸೂಚನೆಯೇ. 25 ನಿಮಿಷ ಓದು, 5 ನಿಮಿಷ ಬಿಡುವು. ಬಿಡುವಿನಲ್ಲೂ ಫೋನ್ ಬೇಡ, ಎದ್ದು ಓಡಾಡಿ. ಮೊದಲ ಕೆಲವು ದಿನ ಚಡಪಡಿಕೆ ಇದ್ದೇ ಇರುತ್ತದೆ.

ಬೇಕೆನಿಸುವುದು ಮತ್ತು ಹಿಡಿಸುವುದು ಮಿದುಳಿನಲ್ಲಿ ಬೇರೆ ಬೇರೆ ದಾರಿಗಳು. ಖಿನ್ನತೆ ಇರುವವರಿಗೆ ಇದು ತುಂಬ ಮುಖ್ಯ. ಬೇಕೆನಿಸುವುದು ನಿಂತುಹೋದರೂ, ಮಾಡಿದಾಗ ಹಿಡಿಸುವುದು ಎಷ್ಟೋ ಸಲ ಉಳಿದಿರುತ್ತದೆ. ಮನಸ್ಸಾಗಲಿ ಎಂದು ಕಾಯದೆ, ಹತ್ತು ನಿಮಿಷದ ಒಂದು ಸಣ್ಣ ಕೆಲಸವನ್ನು ಗಂಟೆ ಗೊತ್ತುಮಾಡಿ ಮಾಡಿ. ಮಾಡುವ ಮುಂಚೆ ಎಷ್ಟು ಹಿಡಿಸೀತು, ಮಾಡಿದ ಮೇಲೆ ಎಷ್ಟು ಹಿಡಿಸಿತು ಎಂದು 10ಕ್ಕೆ ಅಂಕ ಬರೆದಿಡಿ. ಎರಡನೆಯ ಅಂಕ ಮೊದಲಿನದಕ್ಕಿಂತ ಮೇಲಿರುವುದು ಕಂಡಾಗ ಮುಂದಿನ ಸಲ ಏಳುವುದು ಸುಲಭ.

ಪ್ರಶ್ನೆ: ಆತಂಕಕ್ಕೆ ರಾತ್ರಿ ಸ್ವಲ್ಪ ಕುಡಿದರೆ ನಿದ್ದೆ ಬರುತ್ತದೆ. ಆದರೆ ಮೂರಕ್ಕೆಲ್ಲ ಎಚ್ಚರವಾಗಿ ಎದೆ ಡವಡವ ಎನ್ನುತ್ತದೆ. ಏಕೆ?

ಮದ್ಯ ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಹೆಚ್ಚಿಸುತ್ತದೆ, ಕೆರಳಿಸುವ ಗ್ಲುಟಮೇಟ್ ಎಂಬುದನ್ನು ತಡೆಯುತ್ತದೆ. ಮದ್ಯ ಕರಗಿದ ಮೇಲೆ ತಡೆದಿಟ್ಟದ್ದು ಪುಟಿದೇಳುತ್ತದೆ. ನಿಮ್ಮ ಮೂರು ಗಂಟೆಯ ಎಚ್ಚರ ಅದೇ. ದಿನವೂ ನಡೆದರೆ ಮಿದುಳು ಅದಕ್ಕೆ ತಕ್ಕಂತೆ ಹೊಂದಿಕೊಂಡು ಹಗಲಿನ ಆತಂಕವೂ ಹೆಚ್ಚುತ್ತದೆ, ಅದಕ್ಕೆ ಇನ್ನಷ್ಟು ಮದ್ಯ ಬೇಕಾಗುತ್ತದೆ. ಸಂಜೆಯ ಕಾಫಿಯನ್ನೂ ಬಿಡಿ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು.

ಕುಡಿಯುವುದು ಅಪರೂಪಕ್ಕಾದರೆ ಇವತ್ತೇ ನಿಲ್ಲಿಸಬಹುದು. ಬಹುಕಾಲದಿಂದ ದಿನವೂ ಹೆಚ್ಚು ಕುಡಿಯುತ್ತಿದ್ದರೆ, ಬೆಳಿಗ್ಗೆ ಕೈ ನಡುಗುತ್ತಿದ್ದರೆ, ಒಬ್ಬರೇ ತಟ್ಟನೆ ನಿಲ್ಲಿಸಬೇಡಿ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು–ಮೂರನೇ ದಿನದ ಹೊತ್ತಿಗೆ ಗೊಂದಲ, ಭ್ರಮೆಗಳ ಜೊತೆ ಪ್ರಾಣಾಪಾಯದ ಸ್ಥಿತಿಯೂ ಬರಬಹುದು. ವೈದ್ಯರು ನಾಲ್ಕಾರು ದಿನ ಔಷಧಿ ಕೊಟ್ಟು, ಥಯಾಮಿನ್ (ಬಿ1 ವಿಟಮಿನ್) ಸೇರಿಸಿ, ಸುರಕ್ಷಿತವಾಗಿ ಬಿಡಿಸುತ್ತಾರೆ.