ಮಾವನಿಗೆ ಗಂಜಿ ಕುಡಿಸಿದೆ, ನನಗೂ ರೇಬಿಸ್ ಬರುತ್ತದಾ?

ಪ್ರಶ್ನೆ: ಎರಡು ತಿಂಗಳ ಹಿಂದೆ ಸೋದರಮಾವನಿಗೆ ಬೀದಿನಾಯಿ ಕಚ್ಚಿತ್ತು. ಇಂಜೆಕ್ಷನ್ ತೆಗೆದುಕೊಂಡಿರಲಿಲ್ಲ. ಮೊನ್ನೆ ರೇಬಿಸ್‌ನಿಂದ ತೀರಿಕೊಂಡರು. ಕೊನೆಯ ಎರಡು ದಿನ ಗಂಜಿ ಕುಡಿಸಿ ಬಾಯಿ ಒರೆಸಿದ್ದು ನಾನೇ. ಬೂತಾಯಿ ಮೀನು ಶುಚಿ ಮಾಡುವಾಗ ಕೊಯ್ದುಕೊಂಡ ಬೆರಳಿನ ಗಾಯ ಆಗ ಹಸಿಯಾಗಿತ್ತು. ಆರು ವರ್ಷದ ಮಗ ಅವರ ಪಕ್ಕದಲ್ಲೇ ಮಲಗುತ್ತಿದ್ದ. ಮನೆಗೆ ಬಂದವರೆಲ್ಲ ಇಂಜೆಕ್ಷನ್ ತೆಗೆದುಕೊಳ್ಳಬೇಕು ಅಂತಾರೆ ನೆರೆಯವರು. ನಾನು ಮಗುವಿಗೆ ಹಾಲೂಡಿಸುತ್ತಿದ್ದೇನೆ.
– ಓದುಗರು, ಕಾಪು

ಉತ್ತರ: ನಿಮ್ಮ ಬೆರಳಿನಿಂದಲೇ ಶುರು ಮಾಡೋಣ. ರೋಗಿಯ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಅದು ಹಸಿ ಗಾಯಕ್ಕೆ ತಾಗಿದರೆ ನಾಯಿ ಕಚ್ಚಿದಷ್ಟೇ ಗಂಭೀರವಾಗಿ ನೋಡಬೇಕು. ಇವತ್ತೇ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ತೋಳಿನ ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ಮತ್ತೆ 3, 7, 28ನೇ ದಿನ. ಹೊಕ್ಕುಳ ಸುತ್ತ 14 ಚುಚ್ಚುವ ಕಾಲ ಮುಗಿದಿದೆ, ಹೆದರಬೇಡಿ. ಗಾಯದ ವಿಷಯ ಬಿಡದೆ ಹೇಳಿ, ಅದಕ್ಕೆ ಇಮ್ಯುನೊಗ್ಲೋಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗಬಹುದು. ಹಾಲೂಡಿಸುವವರಿಗೂ ಬಸುರಿಯರಿಗೂ ಈ ಲಸಿಕೆ ಸುರಕ್ಷಿತ. ಹಾಲು ನಿಲ್ಲಿಸಬೇಡಿ.

ಮಗನನ್ನು ಸಮಾಧಾನದಿಂದ ಕೇಳಿ. ಪಕ್ಕದಲ್ಲಿ ಮಲಗಿದ್ದಕ್ಕೆ ಏನೂ ಆಗುವುದಿಲ್ಲ. ಆದರೆ ಮಾವ ಬಾಯಿಗೆ ಮುತ್ತು ಕೊಟ್ಟಿದ್ದರಾ? ಅವರು ಕಚ್ಚಿ ಕುಡಿದ ಲೋಟದಿಂದಲೇ ಇವನೂ ಕುಡಿದನಾ? ಜೊಲ್ಲು ಕಣ್ಣಿಗೆ ಸಿಡಿದಿತ್ತಾ? ಕಾಯಿಲೆ ಕಾಣಿಸುವುದಕ್ಕೆ ಕೆಲವು ದಿನ ಮೊದಲಿನದ್ದನ್ನೂ ನೆನಪಿಸಿಕೊಳ್ಳಿ. ಒಂದಕ್ಕಾದರೂ ಹೌದು ಅಂದರೆ, ಅಥವಾ ಅನುಮಾನ ಇದ್ದರೆ, ಅವನಿಗೂ ಲಸಿಕೆ ಕೊಡಿಸಿ. ಎತ್ತಿ ಕುಡಿ, ಎಂಜಲು ಮಾಡಬೇಡ ಅಂತ ಅಜ್ಜಿಯರು ಗದರುತ್ತಿದ್ದರಲ್ವಾ, ಇಲ್ಲಿ ನಾವು ಲೆಕ್ಕ ಹಾಕುವುದೂ ಆ ಎಂಜಲನ್ನೇ.

ಉಳಿದವರು? ಕೈ ಹಿಡಿದು ಮಾತಾಡಿಸಿದವರು, ಬಟ್ಟೆ ಒಗೆದವರು, ಗಾಯವಿಲ್ಲದ ಕೈಯಲ್ಲಿ ಮೈ ಮುಟ್ಟಿದವರು ಸುಮ್ನೆ ಚುಚ್ಚಿಸಿಕೊಳ್ಳಬೇಕಿಲ್ಲ. ರಕ್ತ, ಮೂತ್ರ, ಮಲದಿಂದ ಇದು ಹರಡುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ರೇಬಿಸ್ ಬಂದದ್ದು ಖಚಿತವಾಗಿರುವುದು ಹೆಚ್ಚುಕಡಿಮೆ ಕಣ್ಣಿನ ಕಾರ್ನಿಯಾ, ಕಿಡ್ನಿಯಂಥ ಅಂಗ ಕಸಿಯಲ್ಲಿ ಮಾತ್ರ. ಆರೈಕೆ ಮಾಡಿದವರಿಗೆ ಅಪಾಯ ತುಂಬಾ ಕಡಿಮೆ. ಆದರೂ ನಿಮಗೆ ಲಸಿಕೆ ಹೇಳಿದ್ದು ಯಾಕೆಂದರೆ, ಲಕ್ಷಣ ಶುರುವಾದ ಮೇಲೆ ಈ ಕಾಯಿಲೆಗೆ ಮದ್ದಿಲ್ಲ. ಚಾಪೆ ಸುಡುವುದೂ ಬೇಡ, ಸೋಪುನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ.

ನೀವು ಕೇಳದ ಒಂದು ಮಾತು. ಆ ನಾಯಿ ಊರಲ್ಲಿ ಇನ್ಯಾರಿಗಾದರೂ ಕಚ್ಚಿತ್ತಾ? ನಿಮ್ಮೆಲ್ಲರಿಗಿಂತ ಜಾಸ್ತಿ ಅಪಾಯ ಅವರಿಗೆ. ಎರಡು ತಿಂಗಳಾಯಿತು ಅಂತ ಬಿಡಬೇಡಿ, ಹುಡುಕಿ ಜೊತೆಗೇ ಕರೆದುಕೊಂಡು ಹೋಗಿ.