ಸ್ಪಿನೋಜಾ ಪ್ರೊಫೆಸರ್ ಕೆಲಸ ಬೇಡವೆಂದದ್ದೇಕೆ?

ಪ್ರಶ್ನೆ: ತತ್ವಜ್ಞಾನಿ ಸ್ಪಿನೋಜಾ ಕನ್ನಡಕದ ಗಾಜು ಉಜ್ಜಿ ಹೊಟ್ಟೆ ಹೊರೆಯುತ್ತಿದ್ದರಂತೆ. ಅಷ್ಟು ಓದಿದವರಿಗೆ ಒಳ್ಳೆಯ ಕೆಲಸ ಸಿಗಲಿಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಸಿಕ್ಕಿತ್ತು. ಅವರೇ ಒಲ್ಲೆ ಎಂದರು.

1673ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬನ್ನಿ ಎಂದು ಪತ್ರ ಬಂತು. ಕರೆಸಿದ್ದು ಅಲ್ಲಿನ ದೊರೆ ಕಾರ್ಲ್ ಲುಡ್ವಿಗ್. ವಿಚಾರ ಮಾಡಲು ನಿಮಗೆ ಪೂರ್ತಿ ಸ್ವಾತಂತ್ರ್ಯವಿದೆ, ಆದರೆ ಅದನ್ನು ನೀವು ನಾಡಿನ ಧರ್ಮ ಕದಡಲು ಬಳಸುವುದಿಲ್ಲ ಎಂದು ದೊರೆ ನಂಬಿದ್ದಾರೆ ಎಂದು ಅದರಲ್ಲಿತ್ತು. ಸ್ಪಿನೋಜಾ ಆತುರಪಡಲಿಲ್ಲ. ಮಾರ್ಚ್ 30ರಂದು ಉತ್ತರ ಬರೆದರು. ಪಾಠ ಹೇಳುತ್ತಾ ಕೂತರೆ ನನ್ನ ಚಿಂತನೆ ಅಲ್ಲಿಗೇ ನಿಲ್ಲುತ್ತದೆ. ಧರ್ಮ ಕದಡಿದೆ ಅನ್ನಿಸಿಕೊಳ್ಳದಿರಲು ಆ ಸ್ವಾತಂತ್ರ್ಯಕ್ಕೆ ಎಲ್ಲಿ ಗೆರೆ ಎಳೆಯಬೇಕೋ ಅದೂ ನನಗೆ ತಿಳಿಯದು ಎಂದರು.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವನು. ‘ಏನು ಬೇಕಾದರೂ ಹೇಳಿ ಮೇಷ್ಟ್ರೇ, ಗಲಾಟೆ ಆಗಬಾರದು ಅಷ್ಟೇ’ ಎಂಬ ಮಾತು ನನಗೂ ಕೇಳಿಸಿದೆ. ಮನೆ, ಮಕ್ಕಳು ಅಂತ ಸುಮ್ಮನಾದೆ. ಅದಕ್ಕೇ ಈ ಪತ್ರ ನನಗೆ ಅವರ ಎಷ್ಟೋ ವಾದಗಳಿಗಿಂತ ಜಾಸ್ತಿ ಹತ್ತಿರ.

ಧರ್ಮದ ಹೆಸರಿನ ಇಂಥ ಗೆರೆ ಸ್ಪಿನೋಜಾಗೆ ಹೊಸದೂ ಅಲ್ಲ. 1656ರಲ್ಲಿ, 23ರ ವಯಸ್ಸಿಗೇ, ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಅವರಿಗೆ ಬಹಿಷ್ಕಾರ ಹಾಕಿತ್ತು. ಯಾರೂ ಅವರಿಂದ ನಾಲ್ಕು ಮೊಳದೊಳಗೆ ಹೋಗಕೂಡದು, ಒಂದೇ ಸೂರಿನಡಿ ಇರಕೂಡದು, ಅವರು ಬರೆದದ್ದನ್ನು ಓದಕೂಡದು. ಅಪ್ಪನಿಂದ ಬಂದ ವ್ಯಾಪಾರವೂ ಕೈಬಿಟ್ಟಿತು.

ಇನ್ನು ಗಾಜಿನ ಕೆಲಸ. ಅದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಅವರ ಗಾಜು ದೂರದರ್ಶಕಕ್ಕೆ, ಸೂಕ್ಷ್ಮದರ್ಶಕಕ್ಕೆ ಹೋಗುತ್ತಿತ್ತು. ಶನಿಗ್ರಹದ ಉಂಗುರವನ್ನು ಸರಿಯಾಗಿ ವಿವರಿಸಿದ ಹೈಗೆನ್ಸ್ ಅಂಥವರೇ ಅವರ ಮಸೂರಗಳ ನುಣುಪನ್ನು ಮೆಚ್ಚಿ ಅಣ್ಣನಿಗೆ ಕಾಗದ ಬರೆದಿದ್ದರು. ಗೆಳೆಯರ ನೆರವೂ ಇತ್ತು. ಒಬ್ಬ ಗೆಳೆಯನ ಕಡೆಯಿಂದ ವರ್ಷಕ್ಕೆ 500 ಗಿಲ್ಡರ್ (ಹಾಲೆಂಡಿನ ಆಗಿನ ನಾಣ್ಯ) ನಿಗದಿಯಾದಾಗ, 300 ಸಾಕು ಎಂದರಂತೆ.

ಎದೆಯ ಕಾಯಿಲೆ ಬಹಳ ಕಾಲ ಕಾಡಿತು. ಗಾಜಿನ ಧೂಳೂ ಅದನ್ನು ಹೆಚ್ಚಿಸಿರಬಹುದು. 1677ರ ಫೆಬ್ರವರಿ 21ರಂದು ಹೇಗ್ ನಗರದ ಬಾಡಿಗೆ ಕೋಣೆಯಲ್ಲಿ ತೀರಿಕೊಂಡರು. ಆಗ 44 ವರ್ಷ. ಅವರ ಮುಖ್ಯ ಕೃತಿ ‘ಎಥಿಕ್ಸ್’ ಇನ್ನೂ ಅಚ್ಚಾಗಿರಲಿಲ್ಲ. ಹಸ್ತಪ್ರತಿಗಳಿದ್ದ ಬರೆಯುವ ಮೇಜನ್ನು ಮನೆ ಮಾಲೀಕರು ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕರಿಗೆ ಕಳಿಸಿದರು. ಅದೇ ವರ್ಷ ಗೆಳೆಯರು ಪುಸ್ತಕ ಹೊರತಂದರು. ಮುಖಪುಟದಲ್ಲಿ ಪೂರ್ತಿ ಹೆಸರಿಲ್ಲ, ಬಿ.ಡಿ.ಎಸ್. (ಬೆನೆಡಿಕ್ಟಸ್ ಡಿ ಸ್ಪಿನೋಜಾ) ಎಂಬ ಮೂರು ಅಕ್ಷರ ಮಾತ್ರ.